ಹತ್ತೋ, ಹದಿನೈದೋ, ಹದಿನೇಳೋ? ಅಮೆರಿಕದ ರಾಜ್ಯಗಳಲ್ಲಿ ಬಂದೂಕಿನ ಮ್ಯಾಗಜೀನ್ ಕಾನೂನು

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಗ್ಲಾಕ್ 17 ಪಿಸ್ತೂಲು ಕೊಂಡರೆ ಅದರ ಡಬ್ಬಿಯಲ್ಲಿ ಸಾಮಾನ್ಯವಾಗಿ 17 ಗುಂಡು ಹಿಡಿಯುವ ಮ್ಯಾಗಜೀನ್‌ಗಳೇ ಇರುತ್ತವೆ. ಅಂಗಡಿಯವರು ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆಡಬೇಕಾಗಿಯೂ ಇಲ್ಲ, ಟೆಕ್ಸಾಸ್‌ನಲ್ಲಿ ಮಿತಿಯೇ ಇಲ್ಲ. ಕೆಲವು ವರ್ಷಗಳ ಮೇಲೆ ಅದನ್ನು ಕೊಂಡ ಕುಟುಂಬಕ್ಕೆ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಕೆಲಸ ಸಿಕ್ಕಿತು, ಸಾಮಾನೆಲ್ಲ ಟ್ರಕ್ಕಿಗೆ ಹೇರಿ ಹೊರಟರು ಎಂದುಕೊಳ್ಳಿ. ಹೊಸ ನಿವಾಸಿ ತನ್ನ ಪಿಸ್ತೂಲಿನ ವಿವರವನ್ನು 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ಕೊಟ್ಟರೆ ಅದನ್ನು ಇಟ್ಟುಕೊಳ್ಳಬಹುದು. ಮ್ಯಾಗಜೀನ್‌ಗೆ ಆ ಸವಲತ್ತಿಲ್ಲ. ರಾಜ್ಯದ ಗಡಿ ದಾಟಿದ ಗಳಿಗೆಯಲ್ಲೇ ಅದು ‘ಆಮದು’, ಆಮದು ಅಪರಾಧ.

ಬಂದೂಕು ಎಂದ ಕೂಡಲೇ ನಮ್ಮವರ ಲಕ್ಷ್ಯವೆಲ್ಲ ಪರ್ಮಿಟ್, ಬ್ಯಾಕ್‌ಗ್ರೌಂಡ್ ಚೆಕ್, ಮನೆಯ ಲಾಕರ್ ಇವುಗಳ ಕಡೆಗೇ ಹೋಗುತ್ತದೆ. ಹಿಡಿಯೊಳಗೆ ಕೂರುವ, ಸ್ಪ್ರಿಂಗ್ ಮೇಲೆ ಗುಂಡುಗಳನ್ನು ಪೇರಿಸಿಟ್ಟ ಆ ಪುಟ್ಟ ಪೆಟ್ಟಿಗೆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಸೀರಿಯಲ್ ನಂಬರ್ ಇರುವುದಿಲ್ಲ. ಫೆಡರಲ್ ಕಾನೂನಿನ ಕಣ್ಣಿಗೆ ಅದು ಬಂದೂಕೇ ಅಲ್ಲ. ಮಿತಿಯಿಲ್ಲದ ರಾಜ್ಯಗಳಲ್ಲಿ ಮೊಬೈಲ್ ಕವರ್ ತರಿಸಿದಷ್ಟೇ ಸಲೀಸಾಗಿ ಆನ್‌ಲೈನ್‌ನಲ್ಲಿ ತರಿಸಬಹುದು. ಆದರೆ ನ್ಯೂಜೆರ್ಸಿಯಲ್ಲಿ ಅದೇ ಪೆಟ್ಟಿಗೆ ನಿಮ್ಮನ್ನು ಹದಿನೆಂಟು ತಿಂಗಳು ಜೈಲಿಗೆ ಕಳಿಸಬಲ್ಲದು.

ಭಾರತದಿಂದ ಹೋದವರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇದ್ದವರೂ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಕೂಡ ಕೇಂದ್ರ ಸರ್ಕಾರ ಕೊಟ್ಟದ್ದು. ಈಗಿನ ಅಧಿಸೂಚನೆಯ ಪ್ರಕಾರ ಅದು 2029ರವರೆಗೆ ನಡೆಯುತ್ತದೆ. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡಿ ಬೆಳೆದವರಿಗೆ ಬಂದೂಕು ಮನೆಯ ವಸ್ತುವೇ ಸರಿ. ಆದರೆ ಆ ವಿನಾಯಿತಿ ಅಮೆರಿಕದಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅಲ್ಲಿ ರಾಜ್ಯ ಬದಲಾದರೆ ಕಾನೂನು ಬದಲು, ಕೆಲವೆಡೆ ಊರು ಬದಲಾದರೂ ಬದಲು.

ಎಲ್ಲಕ್ಕಿಂತ ಮೊದಲು ವೀಸಾ

ಮ್ಯಾಗಜೀನ್ ಹತ್ತರದ್ದೋ ಮೂವತ್ತರದ್ದೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಪಾಸ್‌ಪೋರ್ಟ್ ತೆರೆದು ನೋಡಿ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಅಮೆರಿಕ ಸಂಹಿತೆಯ 18ನೇ ಶೀರ್ಷಿಕೆಯ 922ನೇ ಕಲಮು ಅದು. ಮೀರಿದರೆ 15 ವರ್ಷದವರೆಗೆ ಜೈಲು. ಮುಖ್ಯವಾದ ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ತಾಕುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೂ ತಾಕುವುದಿಲ್ಲ.

ವಾರಾಂತ್ಯದಲ್ಲಿ ಗೆಳೆಯರೆಲ್ಲ ಸೇರಿ ಶೂಟಿಂಗ್ ರೇಂಜಿಗೆ ಹೋಗಿ, ಬಾಡಿಗೆ ಪಿಸ್ತೂಲಿನಲ್ಲಿ ಒಂದು ಡಬ್ಬಿ ಗುಂಡು ಹಾರಿಸಿ, ಫೋಟೋ ಹಾಕುವುದು ಈಗ ಮಾಮೂಲು. ಗುಂಪಿನಲ್ಲಿ ವೀಸಾದವರು ಇದ್ದರೆ ಬಾಡಿಗೆಯ ಬಂದೂಕನ್ನು ಕೈಗೆತ್ತಿಕೊಂಡದ್ದೂ ‘ಹೊಂದಿದ್ದು’ ಆಗಬಹುದು. ರೇಂಜಿನ ಕೌಂಟರಿನವರು ಕೇಳಲಿಲ್ಲ ಎನ್ನುವುದು ಉತ್ತರವಾಗುವುದಿಲ್ಲ. ಆ ಫೋಟೋ ಫೇಸ್‌ಬುಕ್‌ನಲ್ಲಿ ಉಳಿದಿರುತ್ತದೆ ಎನ್ನುವುದನ್ನೂ ನೆನಪಿಡಿ.

ಇಲ್ಲಿಂದ ಮುಂದಿನದೆಲ್ಲ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರಿಗೆ.

ಎಲ್ಲಿ ಎಷ್ಟು

1994ರ ಸೆಪ್ಟೆಂಬರ್ 13ರಿಂದ ಹತ್ತು ವರ್ಷ ಇಡೀ ಅಮೆರಿಕದಲ್ಲಿ, ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜೀನ್‌ಗಳನ್ನು ಸಾಮಾನ್ಯ ಜನರಿಗೆ ಮಾರುವಂತಿರಲಿಲ್ಲ. 2004ರಲ್ಲಿ ಆ ಕಾಯ್ದೆಯ ಅವಧಿ ಮುಗಿಯಿತು, ಸಂಸತ್ತು ಮುಂದುವರಿಸಲಿಲ್ಲ. ಅಂದಿನಿಂದ ಇದು ರಾಜ್ಯಗಳ ವಿಷಯ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ಮೇರಿಲ್ಯಾಂಡ್, ರೋಡ್ ಐಲ್ಯಾಂಡ್, ವಾಷಿಂಗ್ಟನ್ ರಾಜ್ಯಗಳಲ್ಲಿ ಮಿತಿ ಹತ್ತು. ಕೊಲೊರಾಡೋದಲ್ಲಿ ಹದಿನೈದು. ಡೆಲವೇರ್‌ನಲ್ಲಿ ಹದಿನೇಳು. ಇಲಿನಾಯ್ ಮತ್ತು ವರ್ಮಾಂಟ್‌ನಲ್ಲಿ ರೈಫಲ್ಲಿಗೆ ಹತ್ತು, ಪಿಸ್ತೂಲಿಗೆ ಹದಿನೈದು. ಹವಾಯಿಯ ಹತ್ತರ ಮಿತಿ ಪಿಸ್ತೂಲಿಗೆ ಮಾತ್ರ. ಆದರೆ ಪಿಸ್ತೂಲಿಗೆ ಹಾಕಲು ಬರುವ ರೈಫಲ್ ಮ್ಯಾಗಜೀನ್ ಕೂಡ ಅದರೊಳಗೇ ಬರುತ್ತದೆ. ಒರೆಗಾನ್‌ನ ಮತದಾರರು 2022ರ ನವೆಂಬರ್‌ನಲ್ಲಿ ಹತ್ತರ ಮಿತಿಗೆ ಒಪ್ಪಿಗೆ ಕೊಟ್ಟರು, ಆಮೇಲೆ ಅದು ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯ, ಅರಿಜೋನದಂಥ ಕಡೆ ಮಿತಿಯಿಲ್ಲ.

ಇವುಗಳಲ್ಲಿ ಹಲವಕ್ಕೆ ಹಿಂದೆ ಒಂದೊಂದು ಘೋರ ಘಟನೆಯಿದೆ. ಕನೆಕ್ಟಿಕಟ್ 2013ರಲ್ಲಿ ಕಾನೂನು ಬಿಗಿ ಮಾಡಿದ್ದು ಅದರ ಹಿಂದಿನ ಡಿಸೆಂಬರ್‌ನ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ. ಕೊಲೊರಾಡೋದ ಕಾನೂನು ಅರೋರಾ ಚಿತ್ರಮಂದಿರದ ಗುಂಡಿನ ದಾಳಿಯ ನಂತರ. ಇಲಿನಾಯ್ 2023ರ ಜನವರಿಯಲ್ಲಿ ನಿಷೇಧ ತಂದದ್ದು ಹೈಲ್ಯಾಂಡ್ ಪಾರ್ಕ್‌ನ ಜುಲೈ 4ರ ಮೆರವಣಿಗೆಯ ಮೇಲೆ ದಾಳಿ ನಡೆದ ಮೇಲೆ. ಮಿತಿಯ ಪರ ಇರುವವರು 2011ರ ಟ್ಯೂಸಾನ್ ದಾಳಿಯನ್ನು ಮುಂದಿಡುತ್ತಾರೆ: 33 ಗುಂಡಿನ ಮ್ಯಾಗಜೀನ್ ಖಾಲಿಯಾಗಿ ಇನ್ನೊಂದನ್ನು ಹಾಕಲು ಹೋದಾಗಲೇ ಜನ ದಾಳಿಕೋರನನ್ನು ಕೆಡವಿ ಹಿಡಿದರು. ವಿರೋಧಿಸುವವರ ಮಾತು, ಹದಿನೈದು ಹದಿನೇಳು ಗುಂಡಿನ ಮ್ಯಾಗಜೀನ್ ಇವತ್ತಿನ ಸಾಮಾನ್ಯ ಪಿಸ್ತೂಲಿನ ಜೊತೆಗೇ ಬರುವಂಥದ್ದು, ಕೊಲೆಗಡುಕ ಕಾನೂನು ಓದಿ ಬರುವುದಿಲ್ಲ ಎಂದು. ಈ ಜಗಳ ಬೇಗ ಮುಗಿಯುವಂಥದ್ದಲ್ಲ. ಓದುಗರು ಯಾವ ಪಕ್ಷದವರೇ ಆಗಿರಲಿ, ಪುಸ್ತಕದಲ್ಲಿ ಇವತ್ತು ಇರುವ ಕಾನೂನು ಇಬ್ಬರಿಗೂ ಒಂದೇ.

ಅಂಕಿಯಲ್ಲ, ಕೃತ್ಯ ನೋಡಿ

ರಾಜ್ಯದ ಹೆಸರು ಮತ್ತು ಮಿತಿಯ ಅಂಕಿ ಎರಡನ್ನೇ ಪಟ್ಟಿಯಲ್ಲಿ ನೋಡಿ ‘ಗೊತ್ತಾಯಿತು’ ಎಂದುಕೊಳ್ಳುವವರೇ ಹೆಚ್ಚು. ನನ್ನ ಪ್ರಕಾರ ಅಂಕಿ ಸುಲಭದ ಭಾಗ. ಕಾನೂನು ಏನು ಮಾಡಬಾರದು ಎನ್ನುತ್ತದೆ, ಅಲ್ಲಿ ಎಡವುವುದು. ಮಾರುವುದು, ಕೊಳ್ಳುವುದು, ಪಡೆಯುವುದು, ತಯಾರಿಸುವುದು, ರಾಜ್ಯದೊಳಗೆ ತರುವುದು, ಬರೀ ಇಟ್ಟುಕೊಂಡಿರುವುದು ಇವೆಲ್ಲ ಬೇರೆ ಬೇರೆ ಕೃತ್ಯಗಳು. ಪ್ರತಿ ರಾಜ್ಯ ಇವುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಂಡು ನಿಷೇಧಿಸಿದೆ.

ಮೇರಿಲ್ಯಾಂಡ್ ಮತ್ತು ವಾಷಿಂಗ್ಟನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಮಿತಿ ಹತ್ತು. ಮೇರಿಲ್ಯಾಂಡ್ 2013ರ ಅಕ್ಟೋಬರ್‌ನಿಂದ ತಯಾರಿಸುವುದು, ಮಾರುವುದು, ಕೊಳ್ಳುವುದು, ಇನ್ನೊಬ್ಬರಿಗೆ ವರ್ಗಾಯಿಸುವುದನ್ನು ತನ್ನ ನೆಲದಲ್ಲಿ ನಿಷೇಧಿಸಿದೆ. ಇಟ್ಟುಕೊಂಡಿರುವುದನ್ನು ನಿಷೇಧಿಸಿಲ್ಲ. ಹೀಗಾಗಿ ಅಲ್ಲಿನ ನಿವಾಸಿ ಮಿತಿಯಿಲ್ಲದ ರಾಜ್ಯಕ್ಕೆ ಹೋಗಿ ತನಗೆಂದು ಕೊಂಡು ಮನೆಗೆ ತಂದಿಟ್ಟರೆ ಆ ಕಾನೂನು ಅಡ್ಡ ಬರುವುದಿಲ್ಲ. ಅದನ್ನು ಮೇರಿಲ್ಯಾಂಡ್‌ನಲ್ಲೇ ಮಗನ ಕೈಗಿತ್ತರೆ ಬರುತ್ತದೆ. ವಾಷಿಂಗ್ಟನ್ 2022ರ ಜುಲೈ 1ರಿಂದ ತಯಾರಿಕೆ, ಮಾರಾಟದ ಜೊತೆಗೆ ಆಮದನ್ನೂ ನಿಷೇಧಿಸಿದೆ. ಸಿಯಾಟಲ್‌ನವರು ಪಕ್ಕದ ಐಡಹೋಕ್ಕೆ ಹೋಗಿ ಕೊಂಡು ತಂದರೆ ಅದು ಅಪರಾಧ. ಹಿಂದಿನಿಂದಲೂ ಅಲ್ಲೇ ಮನೆಯಲ್ಲಿದ್ದದ್ದನ್ನು ಇಟ್ಟುಕೊಂಡರೆ ಅಪರಾಧವಲ್ಲ. ಒಂದೇ ಹತ್ತು, ಒಂದೇ ಕಪ್ಪು ಪೆಟ್ಟಿಗೆ, ಫಲ ಮಾತ್ರ ಬೇರೆ.

ನ್ಯೂಜೆರ್ಸಿ ಇನ್ನೊಂದು ತುದಿ. 1990ರಿಂದ ಅಲ್ಲಿ ಮಿತಿ ಹದಿನೈದಿತ್ತು. 2018ರ ಜೂನ್‌ನಲ್ಲಿ ಅದನ್ನು ಹತ್ತಕ್ಕೆ ಇಳಿಸಿ, ಮೊದಲೇ ಇಟ್ಟುಕೊಂಡವರಿಗೆ 180 ದಿನ ಕೊಟ್ಟರು. ಆ ವರ್ಷದ ಡಿಸೆಂಬರ್‌ನಲ್ಲಿ ಗಡುವು ಮುಗಿಯಿತು. ಈಗ ಬರೀ ಇಟ್ಟುಕೊಂಡಿರುವುದೇ ನಾಲ್ಕನೇ ದರ್ಜೆಯ ಅಪರಾಧ: 18 ತಿಂಗಳವರೆಗೆ ಜೈಲು, 10,000 ಡಾಲರ್‌ವರೆಗೆ ದಂಡ. ಎಡಿಸನ್‌ನ ಮನೆಯೊಂದರ ಅಟ್ಟದ ಮೇಲೆ, ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ, ಹದಿನೈದು ಗುಂಡು ಹಿಡಿಯುವ ಮ್ಯಾಗಜೀನ್ ಮರೆತು ಉಳಿದಿದ್ದರೆ ‘ಕೊಂಡಾಗ ಕಾನೂನುಬದ್ಧವಾಗಿತ್ತು’ ಎಂಬ ವಾದ ನಿಲ್ಲುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಹತ್ತು ಮೀರಿದ ಮ್ಯಾಗಜೀನ್ ಫೆಲೊನಿ, ಅಂದರೆ ಗಂಭೀರ ದರ್ಜೆಯ ಅಪರಾಧದವರೆಗೆ ಹೋಗಬಲ್ಲದು.

ಅದೇ ಇಲಿನಾಯ್‌ನಲ್ಲಿ ಮಿತಿ ಮೀರಿದ ಮ್ಯಾಗಜೀನ್‌ಗೆ ಶಿಕ್ಷೆ ಪ್ರತಿ ಉಲ್ಲಂಘನೆಗೆ 1,000 ಡಾಲರ್ ದಂಡ, ಅಷ್ಟೇ. 2023ರ ಜನವರಿ 10ಕ್ಕೆ ಮೊದಲು ಇದ್ದದ್ದನ್ನು ಇಟ್ಟುಕೊಳ್ಳಬಹುದು, ಆದರೆ ಎಲ್ಲೆಂದರಲ್ಲಿ ಅಲ್ಲ: ಸ್ವಂತ ಜಾಗ, ಅನುಮತಿಯಿರುವ ಖಾಸಗಿ ಜಾಗ, ರೇಂಜು, ಮತ್ತು ಅಲ್ಲಿಗೆ ಹೋಗಿಬರುವ ದಾರಿ. ಕನೆಕ್ಟಿಕಟ್‌ನಲ್ಲಿ ಹಳೆಯದನ್ನು ಉಳಿಸಿಕೊಳ್ಳಬೇಕಿದ್ದರೆ 2014ರ ಜನವರಿ 1ಕ್ಕೆ ಮೊದಲು ಸರ್ಕಾರಕ್ಕೆ ಘೋಷಣೆ ಕೊಟ್ಟಿರಬೇಕಿತ್ತು. ಕೊಲೊರಾಡೋದಲ್ಲಿ 2013ರ ಜುಲೈ 1ಕ್ಕೆ ಕೈಯಲ್ಲಿದ್ದು, ಅಂದಿನಿಂದ ಬಿಡದೆ ನಿಮ್ಮಲ್ಲೇ ಇರಬೇಕು. ನಡುವೆ ಗೆಳೆಯನಿಗೆ ಕೊಟ್ಟು ಮರಳಿ ಪಡೆದಿದ್ದರೆ ಆ ‘ಬಿಡದೆ’ ಎನ್ನುವುದಕ್ಕೇ ಭಂಗ.

ಮ್ಯಾಸಚೂಸೆಟ್ಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅದು ಅಂದಿನ ಫೆಡರಲ್ ಕಾಯ್ದೆಯ ದಿನಾಂಕವನ್ನೇ ತನ್ನ ಕಾನೂನಿನಲ್ಲಿ ಉಳಿಸಿಕೊಂಡಿದೆ. 1994ರ ಸೆಪ್ಟೆಂಬರ್ 13ಕ್ಕೆ ಮೊದಲು ಕಾನೂನುಬದ್ಧವಾಗಿ ಯಾರ ಬಳಿಯಾದರೂ ಇದ್ದ ಮ್ಯಾಗಜೀನ್ ಒಂದು ಬಗೆ, ಅದರ ನಂತರ ತಯಾರಾದದ್ದು ಇನ್ನೊಂದು ಬಗೆ. ಮೊದಲನೆಯದಕ್ಕೂ 2024ರ ಹೊಸ ಕಾನೂನು ಎಲ್ಲಿ ಇಟ್ಟುಕೊಳ್ಳಬಹುದು ಎಂಬ ಷರತ್ತುಗಳನ್ನು ಹಾಕಿದೆ. ಸೀರಿಯಲ್ ನಂಬರೇ ಇಲ್ಲದ ವಸ್ತುವಿನ ವಯಸ್ಸು ಹೇಳುವುದು ಹೇಗೆ? ನಿಷೇಧದ ಹತ್ತು ವರ್ಷಗಳಲ್ಲಿ ಪೊಲೀಸರಿಗೆಂದೇ ಮಾಡಿದವುಗಳ ಮೇಲೆ ‘ಸರ್ಕಾರಿ ಬಳಕೆಗೆ ಮಾತ್ರ’ ಎಂಬರ್ಥದ ಅಚ್ಚು ಇರುತ್ತದೆ. ಇತ್ತೀಚಿನ ಪ್ಲಾಸ್ಟಿಕ್ ಮ್ಯಾಗಜೀನ್‌ಗಳಲ್ಲಿ, ಉದಾಹರಣೆಗೆ ಮ್ಯಾಗ್‌ಪುಲ್ ಕಂಪನಿಯವುಗಳಲ್ಲಿ, ಅಚ್ಚಿನ ತಿಂಗಳು ವರ್ಷ ತೋರಿಸುವ ಸಣ್ಣ ಗಡಿಯಾರದಂಥ ಗುರುತು ಇರುತ್ತದೆ. ಅದನ್ನು ಓದಲು ಪೊಲೀಸರಿಗೂ ಬರುತ್ತದೆ. (ಈ ಕಂಪನಿ ಕೊಲೊರಾಡೋದಲ್ಲೇ ಇತ್ತು. 2013ರ ಕಾನೂನಿನ ಮೇಲೆ ಮುನಿಸಿಕೊಂಡು ಕಾರ್ಖಾನೆಯನ್ನು ವಯೋಮಿಂಗ್‌ಗೂ ಮುಖ್ಯ ಕಚೇರಿಯನ್ನು ಟೆಕ್ಸಾಸ್‌ಗೂ ಸಾಗಿಸಿತು.)

ಇಷ್ಟರ ಮೇಲೆ ಊರಿನ ಕಾನೂನು. ಕನ್ನಡಿಗರಿಗೆ ಚಿರಪರಿಚಿತವಾದ ಸನಿವೇಲ್ 2013ರ ನವೆಂಬರ್‌ನಲ್ಲೇ, ರಾಜ್ಯಕ್ಕಿಂತ ಮೊದಲೇ, ಮತದಾರರ ಒಪ್ಪಿಗೆಯಿಂದ ಹತ್ತು ಮೀರಿದ ಮ್ಯಾಗಜೀನ್ ಇಟ್ಟುಕೊಳ್ಳುವುದನ್ನು ನಗರದೊಳಗೆ ನಿಷೇಧಿಸಿತು. ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಅದಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಹೀಗಾಗಿ ರಾಜ್ಯದ ಕಾನೂನಷ್ಟೇ ಓದಿದರೆ ಸಾಲದು, ನೀವಿರುವ ನಗರ ಮತ್ತು ಕೌಂಟಿಯ ನಿಯಮವನ್ನೂ ನೋಡಬೇಕು.

ಗುಂಡು ಎಣಿಸುವ ಲೆಕ್ಕ

ಎಷ್ಟು ಗುಂಡು ತುಂಬಿದ್ದೀರಿ ಎನ್ನುವುದಲ್ಲ, ಎಷ್ಟು ಹಿಡಿಯುತ್ತದೆ ಎನ್ನುವುದು ಪ್ರಶ್ನೆ. ಹದಿನೇಳರ ಪೆಟ್ಟಿಗೆಯಲ್ಲಿ ಐದೇ ಗುಂಡು ಇಟ್ಟಿದ್ದರೂ ಅದು ಹದಿನೇಳರದ್ದೇ. ಖಾಲಿ ಇದ್ದರೂ ಅಷ್ಟೇ. ನ್ಯೂಯಾರ್ಕ್ 2013ರಲ್ಲಿ ಒಂದು ವಿಚಿತ್ರ ನಿಯಮ ತಂದಿತ್ತು: ಹತ್ತರ ಮ್ಯಾಗಜೀನ್ ಇಟ್ಟುಕೊಳ್ಳಬಹುದು, ಆದರೆ ಏಳಕ್ಕಿಂತ ಹೆಚ್ಚು ಗುಂಡು ತುಂಬಬಾರದು ಎಂದು. ಆ ಏಳರ ನಿಯಮವನ್ನು ಫೆಡರಲ್ ನ್ಯಾಯಾಧೀಶರು ಅದೇ ವರ್ಷದ ಕೊನೆಯ ದಿನ ರದ್ದು ಮಾಡಿದರು, 2015ರಲ್ಲಿ ಮೇಲಿನ ಕೋರ್ಟೂ ರದ್ದತಿಯನ್ನು ಎತ್ತಿಹಿಡಿಯಿತು. ಹತ್ತರ ಮಿತಿ ಉಳಿಯಿತು.

ಹತ್ತರ ಮ್ಯಾಗಜೀನ್‌ನ ತಳಕ್ಕೆ ಎರಡು ಗುಂಡು ಹೆಚ್ಚು ಹಿಡಿಸುವ ಉದ್ದನೆಯ ತಳಪಟ್ಟಿ ಸಿಗುತ್ತದೆ. ಹತ್ತರ ರಾಜ್ಯದಲ್ಲಿ ಅದನ್ನು ಸಿಕ್ಕಿಸಿದ ಕ್ಷಣ ನೀವು ಹನ್ನೆರಡರ ಮ್ಯಾಗಜೀನ್ ‘ತಯಾರಿಸಿದ’ ಹಾಗಾಯಿತು. ಇದರ ಉಲ್ಟಾ ದಾರಿಯೂ ಇದೆ. ದೊಡ್ಡದನ್ನು ಹತ್ತಕ್ಕೆ ಇಳಿಸಬಹುದು, ಆದರೆ ಕ್ಯಾಲಿಫೋರ್ನಿಯಾದಂಥ ಕಡೆ ಆ ಬದಲಾವಣೆ ಶಾಶ್ವತವಾಗಿರಬೇಕು. ಒಳಗೊಂದು ಮರದ ತುಂಡು ಇಟ್ಟು ತಳಪಟ್ಟಿ ಮುಚ್ಚಿದರೆ ಸಾಲದು. ತಳ ಬಿಚ್ಚಿ ತುಂಡನ್ನು ಎಸೆದರೆ ಮತ್ತೆ ಹದಿನೇಳು. ರಿವೆಟ್ ಹೊಡೆದು, ಎಪಾಕ್ಸಿ ಹಾಕಿ ಬಿಚ್ಚಲಾಗದಂತೆ ಮಾಡುವುದು ರೂಢಿ. ಬಾತುಕೋಳಿ ಬೇಟೆಗೆ ಹೋಗುವವರು ಇಲ್ಲಿ ಗೊಂದಲಗೊಳ್ಳುತ್ತಾರೆ. ವಲಸೆ ಹಕ್ಕಿಗಳ ಬೇಟೆಯಲ್ಲಿ ಶಾಟ್‌ಗನ್ ಮೂರು ತೋಟಾಗಳಿಗಿಂತ ಹೆಚ್ಚು ಹಿಡಿಯಬಾರದೆಂದು ಫೆಡರಲ್ ನಿಯಮವಿದೆ. ಅದಕ್ಕೆ ಒಳಗೊಂದು ತುಂಡು ಹಾಕಿದರೆ ಸಾಕು, ಬಂದೂಕು ಬಿಚ್ಚದೆ ಅದು ಈಚೆ ಬರಬಾರದು ಅಷ್ಟೇ. ಅದು ಬೇಟೆಯ ನಿಯಮ, ಇದು ಮ್ಯಾಗಜೀನ್ ನಿಯಮ. ಒಂದರ ಪರಿಹಾರ ಇನ್ನೊಂದಕ್ಕೆ ಸಲ್ಲುವುದಿಲ್ಲ.

ನಳಿಗೆಯ ಕೆಳಗೆ ಕೊಳವೆಯಂತೆ ಕೂತಿರುವ .22 ರಿಮ್‌ಫೈರ್ ರೈಫಲ್ ಮ್ಯಾಗಜೀನ್‌ಗೆ ಹೆಚ್ಚಿನ ರಾಜ್ಯಗಳು ವಿನಾಯಿತಿ ಕೊಟ್ಟಿವೆ. ಕ್ಯಾಲಿಫೋರ್ನಿಯಾ, ಕೊಲೊರಾಡೋ ಮುಂತಾದವು ಲಿವರ್-ಆ್ಯಕ್ಷನ್ ರೈಫಲ್‌ನ ಕೊಳವೆಯನ್ನೂ ಬಿಟ್ಟಿವೆ. ಪಾಶ್ಚಾತ್ಯ ಕೌಬಾಯ್ ಸಿನಿಮಾಗಳಲ್ಲಿ ಕಾಣುವ ಬಂದೂಕು ಅದು. ಶಾಟ್‌ಗನ್ ವಿಷಯದಲ್ಲಿ ಕೊಲೊರಾಡೋ ಎಣಿಸುವುದನ್ನೇ ಬಿಟ್ಟು ಅಳೆಯಲು ಹೊರಟಿದೆ: ಕೊಳವೆಯಲ್ಲಿ 28 ಅಂಗುಲಕ್ಕಿಂತ ಹೆಚ್ಚು ಉದ್ದಕ್ಕೆ ತೋಟಾ ಹಿಡಿಯಬಾರದು.

ಕೋರ್ಟು ತೆರೆದ ಬಾಗಿಲು

‘ಆ ಕಾನೂನನ್ನು ಕೋರ್ಟು ಹೊಡೆದುಹಾಕಿತಂತಲ್ಲ’ ಎಂಬ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಅರ್ಧ ನಿಜವಿರುವುದರಿಂದಲೇ ಅದು ಅಪಾಯದ ಮಾತು.

ಕ್ಯಾಲಿಫೋರ್ನಿಯಾದಲ್ಲಿ ಹತ್ತು ಮೀರಿದ ಮ್ಯಾಗಜೀನ್ ಮಾರಾಟ, ಆಮದು 2000ದ ಜನವರಿಯಿಂದ ನಿಷಿದ್ಧ. 2016ರಲ್ಲಿ ಮತದಾರರು ಒಪ್ಪಿದ ಪ್ರಸ್ತಾವ 63ರ ಪ್ರಕಾರ, ಹಳೆಯದನ್ನು ಇಟ್ಟುಕೊಂಡವರೂ 2017ರ ಜುಲೈ 1ರೊಳಗೆ ಅದನ್ನು ಬಿಡಬೇಕಿತ್ತು. ಸ್ಯಾನ್ ಡಿಯಾಗೋದ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಜ್ ಈ ಎರಡನೇ ಭಾಗದ ಜಾರಿಯನ್ನು ತಡೆದರು. 2019ರ ಮಾರ್ಚ್ 29ರಂದು ಇಡೀ ನಿಷೇಧವೇ ಅಸಾಂವಿಧಾನಿಕ ಎಂದರು. ಅಂಗಡಿಗಳಿಗೆ, ವೆಬ್‌ಸೈಟುಗಳಿಗೆ ಜನ ಮುಗಿಬಿದ್ದರು. ಏಪ್ರಿಲ್ 5ರ ಸಂಜೆ 5 ಗಂಟೆಗೆ ಅವರೇ ತಮ್ಮ ತೀರ್ಪಿಗೆ ತಡೆ ಕೊಟ್ಟರು, ಆ ವಾರದಲ್ಲಿ ಕೊಂಡವರಿಗೆ ಮಾತ್ರ ರಕ್ಷಣೆ ಉಳಿಸಿದರು. ಅಲ್ಲಿನ ಬಂದೂಕು ಪ್ರಿಯರು ಅದನ್ನು ಇವತ್ತಿಗೂ ‘ಸ್ವಾತಂತ್ರ್ಯ ವಾರ’ ಎಂದೇ ಕರೆಯುತ್ತಾರೆ. 2022ರಲ್ಲಿ ಸುಪ್ರೀಂ ಕೋರ್ಟು ಬ್ರೂಯೆನ್ ಪ್ರಕರಣದಲ್ಲಿ ಬಂದೂಕು ಕಾನೂನುಗಳನ್ನು ಒರೆಗೆ ಹಚ್ಚಲು ಹೊಸ ಮಾನದಂಡ ಹಾಕಿದ ಮೇಲೆ ವಿಷಯ ಮತ್ತೆ ಬೆನಿಟೆಜ್ ಅವರ ಮುಂದೆ ಬಂತು, 2023ರ ಸೆಪ್ಟೆಂಬರ್‌ನಲ್ಲಿ ಅವರು ಮತ್ತೆ ನಿಷೇಧವನ್ನು ರದ್ದು ಮಾಡಿದರು. ಈ ಸಲ ಬಾಗಿಲು ತೆರೆಯಲೇ ಇಲ್ಲ. ಮೇಲಿನ ಕೋರ್ಟು ತಡೆ ಕೊಟ್ಟಿತು. 2025ರ ಮಾರ್ಚ್ 20ರಂದು ಒಂಬತ್ತನೇ ಸರ್ಕ್ಯೂಟ್‌ನ ವಿಸ್ತೃತ ಪೀಠ 7-4ರ ಬಹುಮತದಿಂದ ನಿಷೇಧವನ್ನು ಎತ್ತಿಹಿಡಿಯಿತು. ನ್ಯಾಯಾಧೀಶ ಲಾರೆನ್ಸ್ ವ್ಯಾನ್‌ಡೈಕ್ ಭಿನ್ನಮತದ ತೀರ್ಪು ಬರೆದದ್ದಲ್ಲದೆ, ತಮ್ಮ ಕೊಠಡಿಯಲ್ಲೇ ಪಿಸ್ತೂಲು ಬಿಚ್ಚಿ ಜೋಡಿಸುವ ವಿಡಿಯೊ ಮಾಡಿ ಅದನ್ನೂ ಲಗತ್ತಿಸಿದರು. ನ್ಯಾಯಾಂಗದ ಇತಿಹಾಸದಲ್ಲಿ ಇಂಥದ್ದು ಅಪರೂಪ, ಸಹ ನ್ಯಾಯಾಧೀಶರು ಸಿಡಿಮಿಡಿಗೊಂಡದ್ದೂ ಸಹಜ. ಅದೇ ವರ್ಷ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು.

ವಾಷಿಂಗ್ಟನ್‌ನಲ್ಲಿ ಇನ್ನೂ ಚುಟುಕು. 2024ರ ಏಪ್ರಿಲ್ 8ರಂದು ಕೌಂಟಿ ನ್ಯಾಯಾಧೀಶರೊಬ್ಬರು ಕಾನೂನನ್ನು ರದ್ದು ಮಾಡಿದರು. ಸುಮಾರು ಒಂದೂವರೆ ಗಂಟೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಿಂದ ತಡೆ ಬಂತು. 2025ರ ಮೇ ತಿಂಗಳಲ್ಲಿ ಆ ಕೋರ್ಟು 7-2ರಿಂದ ಕಾನೂನನ್ನು ಉಳಿಸಿತು. ರೋಡ್ ಐಲ್ಯಾಂಡ್‌ನ ಕಾನೂನಿನ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಜೂನ್‌ನಲ್ಲಿ ಕೈಗೆತ್ತಿಕೊಳ್ಳಲಿಲ್ಲ. ನ್ಯೂಜೆರ್ಸಿಯ ಪ್ರಕರಣ ಮೂರನೇ ಸರ್ಕ್ಯೂಟ್‌ನ ಪೂರ್ಣಪೀಠದವರೆಗೆ ಹೋಗಿದೆ.

ಆದ್ದರಿಂದ ಸುದ್ದಿಯ ಶೀರ್ಷಿಕೆ ನೋಡಿ ಕಾರ್ಡ್ ಉಜ್ಜಬೇಡಿ. ತೀರ್ಪು ಬಂತೇ ಎನ್ನುವುದಕ್ಕಿಂತ, ಆ ತೀರ್ಪಿಗೆ ತಡೆ ಇದೆಯೇ ಎಂದು ನೋಡಿ. ಅದು ರಾಜ್ಯದ ಅಟಾರ್ನಿ ಜನರಲ್ ಅವರ ಜಾಲತಾಣದಲ್ಲಿ ಇರುತ್ತದೆ. ಗೊತ್ತಿಲ್ಲದಿದ್ದರೆ ಹತ್ತರದ್ದನ್ನೇ ಕೊಳ್ಳಿ. ಗ್ಲಾಕ್ ಸೇರಿದಂತೆ ಹೆಚ್ಚಿನ ಕಂಪನಿಗಳು ತಮ್ಮ ಪಿಸ್ತೂಲುಗಳಿಗೆ ಹತ್ತರ ಮ್ಯಾಗಜೀನನ್ನೂ ಮಾಡುತ್ತವೆ.

ದಾರಿಯಲ್ಲಿ

ಕಾರಿನಲ್ಲಿ ಹಲವು ರಾಜ್ಯ ದಾಟುವವರಿಗೆ 1986ರ ಫೆಡರಲ್ ಕಾಯ್ದೆಯೊಂದು ನೆರಳಾಗಿದೆ. ಹೊರಟ ಕಡೆಯೂ ತಲುಪುವ ಕಡೆಯೂ ಬಂದೂಕು ನಿಮಗೆ ಕಾನೂನುಬದ್ಧವಾಗಿದ್ದರೆ, ನಡುವಿನ ರಾಜ್ಯದ ಕಾನೂನು ಏನೇ ಇರಲಿ, ಹಾದುಹೋಗಬಹುದು. ಷರತ್ತು: ಗುಂಡು ತುಂಬಿರಬಾರದು, ಬಂದೂಕೂ ಗುಂಡೂ ಕೂತವರ ಕೈಗೆ ಎಟುಕಬಾರದು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಗ್ಲವ್ ಬಾಕ್ಸ್ ಆಗದು. ಆದರೆ ಆ ಕಲಮಿನಲ್ಲಿ ಬಂದೂಕು, ಗುಂಡು ಎಂಬ ಪದಗಳಿವೆಯೇ ಹೊರತು ಮ್ಯಾಗಜೀನ್ ಎಂಬ ಪದವಿಲ್ಲ. ಅದನ್ನೇ ನಂಬಿಕೊಂಡು ಮೂವತ್ತರ ಮ್ಯಾಗಜೀನ್‌ಗಳನ್ನು ನ್ಯೂಜೆರ್ಸಿ ಟರ್ನ್‌ಪೈಕಿನ ಮೇಲೆ ಒಯ್ಯುವ ಧೈರ್ಯ ಮಾಡಬೇಡಿ.

ನೆವಾರ್ಕ್ ವಿಮಾನ ನಿಲ್ದಾಣದ ಒಂದು ಪ್ರಕರಣ ನಮ್ಮವರಿಗೆ ಪಾಠವಾಗಬೇಕು, ಅಲ್ಲಿಂದ ಹಾದುಹೋಗದ ಕನ್ನಡಿಗರು ಕಡಿಮೆ. 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ ಪ್ರಯಾಣಿಕರೊಬ್ಬರಿಗೆ ನೆವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ನಿಯಮದಂತೆ ಲಗೇಜಿನಲ್ಲಿ ಕಳಿಸಿದ್ದ ಬಂದೂಕಿನ ಚೀಲವನ್ನು ಪಡೆದು ರಾತ್ರಿ ಹೋಟೆಲಿನಲ್ಲಿ ತಂಗಿದರು. ಬೆಳಿಗ್ಗೆ ಮತ್ತೆ ಚೆಕ್-ಇನ್ ಮಾಡುವಾಗ, ತಾವಾಗಿಯೇ ಬಂದೂಕಿದೆ ಎಂದು ಹೇಳಿದಾಗ, ಬಂಧನವಾಯಿತು. ಕೇಸು ಆಮೇಲೆ ಬಿದ್ದುಹೋಯಿತು. ಆದರೆ ಅವರು ಹೂಡಿದ ಪರಿಹಾರದ ದಾವೆಯಲ್ಲಿ ಮೂರನೇ ಸರ್ಕ್ಯೂಟ್ ಕೋರ್ಟು 2010ರಲ್ಲಿ ಹೇಳಿದ್ದು ಇಷ್ಟೇ: ಹೋಟೆಲಿನಲ್ಲಿ ಚೀಲ ಕೈಗೆಟುಕುವಂತಿತ್ತು, ಫೆಡರಲ್ ರಕ್ಷಣೆ ಅಲ್ಲಿಗೆ ಮುಗಿಯಿತು. ವಿಮಾನ ತಪ್ಪಿದರೆ ಆ ಚೀಲವನ್ನು ಬೆಲ್ಟಿನಿಂದ ಎತ್ತಿಕೊಳ್ಳಬೇಡಿ, ವಿಮಾನ ಕಂಪನಿಯವರ ಬಳಿಯೇ ಇರಲಿ ಎಂದು ಕೇಳಿ.

ವಿಮಾನದಲ್ಲಿ ಬಂದೂಕು ಚೆಕ್-ಇನ್ ಲಗೇಜಿನಲ್ಲಿ ಮಾತ್ರ, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕೌಂಟರಿನಲ್ಲಿ ಹೇಳಿ ಒಯ್ಯಬೇಕು. ಮ್ಯಾಗಜೀನ್ ಖಾಲಿ ಇದ್ದರೂ ಕೈಚೀಲದಲ್ಲಿ ನಿಷಿದ್ಧ.

ಬೆಂಗಳೂರಿಗೆ ಬರುವವರು ಒಂದು ಕೆಲಸ ಮಾಡಿ: ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಬರುವ ಪ್ರಯಾಣಕ್ಕೆ ಬಳಸಲೇಬೇಡಿ. ಮೂಲೆಯಲ್ಲಿ ಉಳಿದ ಒಂದು ಗುಂಡು ಸ್ಕ್ಯಾನರಿನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಮಿನಡಿ ಎಫ್‌ಐಆರ್ ಆಗುತ್ತದೆ. ಬಂದೂಕಿನ ಬಿಡಿಭಾಗಗಳೂ ಭಾರತದ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ, ಆದ್ದರಿಂದ ಖಾಲಿ ಮ್ಯಾಗಜೀನ್ ಕೂಡ ಬೇಡ. ತಿಳಿದೂ ತಿಳಿದೂ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂಬ ತತ್ವವನ್ನು ನಮ್ಮ ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಒಪ್ಪಿದೆ, ನಿಜ. ಆದರೆ ಅದನ್ನು ಸಾಬೀತು ಮಾಡಲು ಹೈಕೋರ್ಟಿನವರೆಗೆ ಅಲೆಯುವಷ್ಟು ರಜೆ ಯಾರಿಗಿದೆ?

ಈಗಾಗಲೇ ಕೈಯಲ್ಲಿದ್ದರೆ

ಮಿತಿಯ ರಾಜ್ಯಕ್ಕೆ ಕೆಲಸ ಬದಲಾಯಿಸುತ್ತಿದ್ದರೆ, ಪ್ಯಾಕಿಂಗ್ ಶುರುವಾಗುವ ಮೊದಲೇ, ಇನ್ನೂ ಹಳೆಯ ರಾಜ್ಯದಲ್ಲಿರುವಾಗಲೇ ದೊಡ್ಡ ಮ್ಯಾಗಜೀನ್‌ಗಳನ್ನು ಮಾರಿಬಿಡಿ ಅಥವಾ ಅಲ್ಲೇ ಇರುವ ನಂಬಿಕೆಯವರಿಗೆ ಕೊಡಿ. ಹಾಗೆ ಕೊಟ್ಟದ್ದಕ್ಕೆ ಒಂದು ಚೀಟಿ, ಹೊಸದಾಗಿ ಕೊಂಡ ಹತ್ತರದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಗುರುತಿನ ಸಂಖ್ಯೆ ಇಲ್ಲದ ವಸ್ತುವಿಗೆ ಕಾಗದವೊಂದೇ ಸಾಕ್ಷಿ. ಮಿತಿಯ ರಾಜ್ಯದಲ್ಲೇ ಹಳೆಯದು ಸಿಕ್ಕರೆ ದಾರಿಗಳು ಸಾಮಾನ್ಯವಾಗಿ ನಾಲ್ಕು: ರಾಜ್ಯದಾಚೆ ಸಾಗಿಸುವುದು, ಪರವಾನಗಿ ಇರುವ ವ್ಯಾಪಾರಿಗೆ ಮಾರುವುದು, ಶಾಶ್ವತವಾಗಿ ಇಳಿಸುವುದು, ಪೊಲೀಸರಿಗೆ ಒಪ್ಪಿಸುವುದು. ಎಲ್ಲ ರಾಜ್ಯಗಳೂ ಈ ನಾಲ್ಕನ್ನೂ ಒಪ್ಪುವುದಿಲ್ಲ. ನಿಷೇಧದ ಗಡುವು ಮುಗಿದ ಮೇಲೆ ಸಿಕ್ಕಿದ್ದಾದರೆ ನೀವೇ ಠಾಣೆಗೆ ಹಿಡಿದುಕೊಂಡು ಹೋಗಬೇಡಿ; ಒಯ್ಯುವುದೂ ಇಟ್ಟುಕೊಂಡದ್ದೇ ಆಗುತ್ತದೆ. ಮೊದಲು ವಕೀಲರಿಂದ ಫೋನ್ ಮಾಡಿಸಿ.

ಅಮೆರಿಕದ ಪೌರರಲ್ಲದವರಿಗೆ ಕೊನೆಯದಾಗಿ ಒಂದು ಮಾತು, ಇಡೀ ಲೇಖನದಲ್ಲಿ ಇದೇ ದುಬಾರಿಯದು. ವಲಸೆ ಕಾನೂನಿನಲ್ಲಿ ಬಂದೂಕಿನ ಅಪರಾಧಕ್ಕೆ ಪ್ರತ್ಯೇಕ ಕಲಮಿದೆ. ಯಾವುದೇ ಕಾನೂನಿನಡಿ ಬಂದೂಕು ಮಾರಿದ, ಕೊಂಡ, ಹೊಂದಿದ, ಒಯ್ದ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಆ ಕಲಮಿನಲ್ಲಿ ಬಂದೂಕಿನ ‘ಭಾಗ’, ‘ಪರಿಕರ’ ಎಂಬ ಪದಗಳೂ ಇವೆ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಗಜೀನ್ ಇಟ್ಟುಕೊಂಡದ್ದಕ್ಕೆ ಕಾನೂನು ಹೇಳುವ ದಂಡ ಒಂದಕ್ಕೆ 100 ಡಾಲರ್‌ವರೆಗೆ. ಅದೇ ಕೃತ್ಯವನ್ನು ಒಂದು ವರ್ಷದವರೆಗಿನ ಜೈಲಿನ ಅಪರಾಧವಾಗಿಯೂ ನಡೆಸಬಹುದು. ನೂರು ಡಾಲರ್ ತಾನೆ, ಕಟ್ಟಿ ಮುಗಿಸೋಣ ಎಂದು ಸಹಿ ಹಾಕಿದ ತಪ್ಪೊಪ್ಪಿಗೆ ಮುಂದೆ ಪೌರತ್ವದ ಅರ್ಜಿಯಲ್ಲಿ, ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ ಎದುರಾಗಬಹುದು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಅದನ್ನು ಕಕ್ಷಿದಾರನಿಗೆ ಹೇಳುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟು 2010ರಲ್ಲಿ ಪಡಿಯಾ ಪ್ರಕರಣದಲ್ಲಿ ಹೇಳಿದೆ. ಅವರು ಹೇಳಲಿ ಎಂದು ಕಾಯಬೇಡಿ. ನಾನು ಇಲ್ಲಿಯ ಪೌರನಲ್ಲ ಎಂದು ಮೊದಲ ಭೇಟಿಯಲ್ಲೇ ನೀವಾಗಿ ತಿಳಿಸಿ, ವಲಸೆ ಕಾನೂನಿನ ವಕೀಲರು ನೋಡುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.